ಖಾಲಿ ಉಳಿದ ಷರಾ

1944, ಡಿಸೆಂಬರ್ 4, ಸೋಮವಾರ. ಮೋಡ, ಸ್ವಲ್ಪ ಹಿಮ.

ಜಿಲ್ಲೆಯಿಂದ ಬಂದ ಟಪಾಲಿನಲ್ಲಿ ಮೂರು ಲಕೋಟೆಗಳಿದ್ದವು. ಎರಡರಲ್ಲಿ ಸೇನೆಗೆ ಕರೆಯುವ ಕೆಂಪು ಚೀಟಿ, ಒಂದರಲ್ಲಿ ಸಾವಿನ ಸುದ್ದಿ.

ಕೆಂಪು ಚೀಟಿಗಳನ್ನು ಹತ್ತು ಗಂಟೆಯೊಳಗೆ ತಲುಪಿಸಿದೆ. ಬಾಗಿಲಲ್ಲಿ ನಿಂತು ತಲೆಬಾಗಿ "ಅಭಿನಂದನೆಗಳು" ಎನ್ನಬೇಕು. ಅವರು "ತುಂಬಾ ಸಂತೋಷ" ಎನ್ನಬೇಕು. ಆಮೇಲೆ ರಸೀದಿಗೆ ಮೊಹರು. ಕಾಮಿತಾಕಿ ಗ್ರಾಮ ಕಚೇರಿಯಲ್ಲಿ ಸೈನಿಕ ವಿಭಾಗದ ಗುಮಾಸ್ತನಾಗಿ ನನಗೆ ಹದಿನಾರು ವರ್ಷವಾಯಿತು. ಒಂದು ಚೀಟಿಯೂ ತಡವಾಗಿಲ್ಲ, ಒಂದು ರಸೀದಿಯೂ ಕಳೆದಿಲ್ಲ. ನನ್ನ ಸೈಕಲ್ಲಿನ ಕಿರಕಿರ ಕೇಳಿದರೆ ಹೆಂಗಸರು ಬಾವಿಕಟ್ಟೆ ಬಿಟ್ಟು ಒಳಗೆ ಸರಿಯುತ್ತಾರೆ. ಹೋದ ತಿಂಗಳು ಪಾಪವೆನಿಸಿ ಸೈಕಲ್ಲಿಗೆ ಎಣ್ಣೆ ಹಾಕಿದೆ. ಸದ್ದಿಲ್ಲದೆ ಬಂದು ಎದೆ ಒಡೆಸಿದೆನೆಂದು ಇನ್ನೂ ಹೆಚ್ಚು ಬೈಸಿಕೊಂಡೆ.

ಮೂರನೆಯ ಲಕೋಟೆ ಇನೆಯಕ್ಕನ ಮಗ ತಾಮೊತ್ಸುವಿನದು. ಬರ್ಮಾದಲ್ಲಿ, ಜುಲೈ ಒಂಬತ್ತರಂದು, ವೀರಮರಣ. ವಯಸ್ಸು ಇಪ್ಪತ್ತಾರು. ಸುದ್ದಿ ಬಂದ ದಿನವೇ ಮನೆಗೆ ಮುಟ್ಟಿಸಬೇಕೆಂಬುದು ನಿಯಮ.

ನಾನು ಹೋದಾಗ ಅವಳು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಳು. ವಿಧವೆ, ಮನೆಯಲ್ಲಿ ಒಬ್ಬಳೇ. ಆದರೆ ಎದುರಿಗೆ ಎರಡನೆಯ ಮಣೆ ಹಾಕಿತ್ತು. ಮಗ ಕೂರುತ್ತಿದ್ದ ಜಾಗದಲ್ಲಿ ಅವನ ಬಟ್ಟಲು, ಅವನ ಊಟದ ಕಡ್ಡಿಗಳು, ಮುಚ್ಚಳ ಹಾಕಿದ ಬಿಸಿ ಅನ್ನ. ದೂರ ಹೋದವರು ಹಸಿದಿರಬಾರದೆಂದು ನಮ್ಮೂರಲ್ಲಿ ಎಲ್ಲರೂ ಹೀಗೆ ನೆರಳೂಟ ಇಡುತ್ತಾರೆ. ಸತ್ತವರಿಗಾದರೆ ಮುಚ್ಚಳವಿಲ್ಲ. ಅವರ ಬಟ್ಟಲು ದೇವರ ಗೂಡಿನ ಮುಂದೆ ಹೋಗುತ್ತದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಮುಚ್ಚಳ ಎತ್ತಿ, ಮಗುಚಿ ತೋರಿಸಿದಳು.

"ನೋಡಿ ಗುಮಾಸ್ತ್ರೇ, ಎಷ್ಟು ಹನಿ! ಒಣಗಿದ್ರೆ ಭಯ ಪಡ್ಬೇಕಿತ್ತು. ಹುಡುಗ ಗಟ್ಟಿಮುಟ್ಟಾಗಿದ್ದಾನೆ. ಕಾಗದ ಬರ್ದೆ ಇದ್ರೇನಂತೆ, ಮುಚ್ಚಳ ಸುಳ್ಳು ಹೇಳುತ್ತಾ?"

ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದರೆ ಹನಿ ಬಂದೇ ಬರುತ್ತದೆ. ಅದು ಆವಿ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ.

"ಏನ್ ಬಂದ್ರಿ?" ಎಂದಳು.

"ಹಿತ್ತಾಳೆ ಪಾತ್ರೆ ಏನಾದ್ರೂ ಉಳಿದಿದೆಯಾ ಅಂತ. ಮದ್ದುಗುಂಡಿಗೆ ಬೇಕಂತೆ."

"ಹೋದ ವರ್ಷಾನೇ ಕೊಟ್ನಲ್ಲ. ಇನ್ನು ನನ್ ಹಲ್ಲು ಕಿತ್ತು ಕೊಡ್ಲಾ?"

ಲಕೋಟೆ ಎದೆಯ ಜೇಬಿನಲ್ಲೇ ವಾಪಸು ಬಂತು. ಊಟದ ಹೊತ್ತಿನಲ್ಲಿ ಹೇಳುವ ವಿಷಯವಲ್ಲ. ನಾಳೆ ಹೇಳುತ್ತೇನೆ.

ಅವಳ ಸೂರಿನಡಿ ಮುಷ್ಟಿ ಗಾತ್ರದ ಕಿತ್ತಳೆ ಬಣ್ಣದ ಕಾಕಿಹಣ್ಣು ಸಿಪ್ಪೆ ತೆಗೆದು ದಾರಕ್ಕೆ ಪೋಣಿಸಿ ಒಣಗಲು ಬಿಟ್ಟಿದ್ದಾಳೆ. ಆಗಲೇ ಮೇಲೆ ಸಕ್ಕರೆ ಬಿಳುಪು ಕಟ್ಟಿದೆ. ಮೂರು ವರ್ಷದ ಹಿಂದೆ ಇದೇ ಕಾಲದಲ್ಲಿ ಅಂಥ ಹತ್ತು ಹಣ್ಣು ಬಟ್ಟೆಯಲ್ಲಿ ಕಟ್ಟಿಕೊಂಡು, ಕಚೇರಿಯ ಪುಸ್ತಕದಲ್ಲಿ ಮಗನ ಬಗ್ಗೆ ಒಂದು ಮಾತು ಬರೆಯಿರಿ ಎಂದು ಕಚೇರಿಗೆ ಬಂದಿದ್ದಳು. ಗಂಟು ಬಿಚ್ಚಲೂ ಬಿಡದೆ ವಾಪಸು ಕಳಿಸಿದೆ. ಈ ಹದಿನಾರು ವರ್ಷದಲ್ಲಿ ಯಾರ ಮನೆಯ ಒಂದು ಮೂಲಂಗಿಯನ್ನೂ ಮುಟ್ಟಿದವನಲ್ಲ ನಾನು.

ಡಿಸೆಂಬರ್ 5, ಮಂಗಳವಾರ. ಹಿಮ.

ಹಿಮ ಜಾಸ್ತಿ. ಇನೆಯಕ್ಕನ ಮನೆಗೆ ಹೋಗಲಾಗಲಿಲ್ಲ. ಎರಡೇ ಗದ್ದೆ ದೂರ. ಆದರೂ.

ಡಿಸೆಂಬರ್ 19, ಮಂಗಳವಾರ. ಬಿಸಿಲು.

ಮರ ಕೊಯ್ಯುವ ಸೋಮೆಯನ ಹಿರಿಯ ಮಗ ಲೇಟೆ ದ್ವೀಪದಲ್ಲಿ ತೀರಿಕೊಂಡ ಸುದ್ದಿ ಬಂತು. ಬಂದ ಒಂದು ಗಂಟೆಯೊಳಗೆ ಮುಟ್ಟಿಸಿದೆ. ಸೋಮೆಯ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡು, "ಪಾಪ, ನೀವು ಚಳೀಲಿ ಬಂದ್ರಿ, ಚಹಾ ಕುಡ್ಕೊಂಡು ಹೋಗಿ" ಎಂದ. ಕುಡಿಯಲಿಲ್ಲ, ಅದು ಪದ್ಧತಿಯಲ್ಲ. ಸೈಕಲ್ ಹತ್ತುವಾಗ ಹಿಂದಿನ ಕೊಟ್ಟಿಗೆಯಲ್ಲಿ ಗರಗಸದ ಸದ್ದು ಶುರುವಾಯಿತು. ನಿಲ್ಲದೆ ಒಂದೇ ಸಮನೆ ಕೊಯ್ಯುತ್ತಿದ್ದ.

ನೋಡಿ, ಕೆಲಸ ಹೀಗೆ ಕಾಲು ಗಂಟೆಯಲ್ಲಿ ಮುಗಿಯುವಂಥದ್ದು. ಇನೆಯಕ್ಕನದು ಮಾತ್ರ ಬಾಕಿ. ಹೊಸ ವರ್ಷ ಕಳೆಯಲಿ. ಹಬ್ಬದ ಮುಂದೆ ಬೇಡ.

1945, ಜನವರಿ 8, ಸೋಮವಾರ. ಗಾಳಿ.

ಇನೆಯಕ್ಕ ಕಚೇರಿಗೆ ಬಂದಿದ್ದಳು. ಮಗನಿಂದ ಬಂದ ಕೊನೆಯ ಕಾರ್ಡನ್ನು, ಅದು ಹೋದ ಫೆಬ್ರವರಿಯದು, ತಿಂಗಳಿಗೊಮ್ಮೆ ತಂದು ನನ್ನಿಂದ ಓದಿಸಿಕೊಂಡು ಹೋಗುತ್ತಾಳೆ. ಅವಳಿಗೆ ಓದು ಬಾರದು. ನನಗೆ ಅದು ಬಾಯಿಪಾಠವಾಗಿದೆ. "ಅಮ್ಮ, ನಾನು ಕ್ಷೇಮ. ಇಲ್ಲಿಯ ಬೆಟ್ಟ ನಮ್ಮೂರ ಬೆಟ್ಟಕ್ಕಿಂತ ದೊಡ್ಡದು. ನನ್ನ ಪಾಲಿಗೆ ಬಂದ ಹೇರುಗುದುರೆ ಸಾಧು. ಹಾಡು ಹೇಳಿದರೆ ನಡೆಯುತ್ತದೆ."

ಅಷ್ಟೇ ಇರುವುದು. ಓದಿ ಮುಗಿಸಿದರೂ ಅವಳು ನಿಂತೇ ಇದ್ದಳು. ಕೈಗಳು ಚಳಿಗೆ ಬಿರಿದು ರಕ್ತ ಬಂದಿತ್ತು. ನನ್ನ ಬಾಯಿ ತಾನಾಗಿ ಮುಂದುವರಿಯಿತು: "ಚಳಿಯಲ್ಲಿ ಒಲೆ ಆರಿಸಬೇಡ. ಸೌದೆ ಉಳಿಸಬೇಡ."

"ಇದು ಹೋದ್ ಸಲ ಇರ್ಲಿಲ್ವಲ್ಲ?"

"ಅಂಚಿನಲ್ಲಿ ಸಣ್ಣಕ್ಷರದಲ್ಲಿದೆ. ಕಣ್ತಪ್ಪಿತ್ತು."

"ಹದಿನಾರು ವರ್ಷದ ಗುಮಾಸ್ತ್ರಿಗೆ ಕಣ್ತಪ್ಪುತ್ತಂತೆ! ಕನ್ನಡಕ ಬದಲಾಯಿಸ್ಕೊಳ್ಳಿ ಮಾರಾಯ್ರೆ" ಎಂದು ನಕ್ಕಳು. ಕಾರ್ಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಎದೆಯೊಳಗೆ ಇಟ್ಟುಕೊಂಡು ಹೋದಳು.

ಸಂಜೆ ಮನೆಗೆ ಬರುವಾಗ ಅವಳ ಮಾಡಿನಿಂದ ಹೊಗೆ ಏಳುತ್ತಿತ್ತು. ಎಷ್ಟೋ ದಿನದಿಂದ ಕಂಡಿರಲಿಲ್ಲ.

ಫೆಬ್ರವರಿ 21, ಬುಧವಾರ

ರೇಡಿಯೋದಲ್ಲಿ ಇವೋ ಎಂಬ ದ್ವೀಪದ ಹೆಸರು. ಶಾಲೆಯಿಂದ ಭೂಪಟದ ಪುಸ್ತಕ ತರಿಸಿ ಹುಡುಕಿದೆ. ಇರುವೆಯಷ್ಟೂ ಇಲ್ಲ. ಅಲ್ಲಿ ನಮ್ಮೂರವರು ಇಬ್ಬರು. ಲೇಟೆಯಲ್ಲಿ ನಾಲ್ವರು, ಬರ್ಮಾದಲ್ಲಿ ಆರು, ಚೀನಾದಲ್ಲಿ ಒಂಬತ್ತು, ಹಡಗುಗಳಲ್ಲಿ ಎಷ್ಟೆಂದು ಸೇನೆಯವರಿಗೇ ಗೊತ್ತಿಲ್ಲ. ನೂರಾ ಹತ್ತು ಒಲೆಗಳ ಊರು ನಮ್ಮದು. ಈ ಪುಸ್ತಕದ ಅರ್ಧ ಪುಟಗಳಲ್ಲಿ ನಮ್ಮವರು ಚದುರಿದ್ದಾರೆ. ನಾನಂತೂ ಜಿಲ್ಲಾ ಪಟ್ಟಣ ಬಿಟ್ಟು ಆಚೆ ಹೋದವನಲ್ಲ. ಬಲಗಾಲು ಗಿಡ್ಡ.

ಮಾರ್ಚ್ 14

ಅಸ್ಥಿ ಪೆಟ್ಟಿಗೆಗಳನ್ನು ತರಲು ಪಟ್ಟಣಕ್ಕೆ ಹೋಗಿದ್ದೆ. ನಿಲ್ದಾಣದ ತುಂಬ ಟೋಕಿಯೋದಿಂದ ಓಡಿಬಂದವರು. ಹುಬ್ಬು ಸುಟ್ಟಿವೆ, ಯಾರೂ ಮಾತಾಡುವುದಿಲ್ಲ.

ಕಾಮಿತಾಕಿಗೆ ಮೂರು ಪೆಟ್ಟಿಗೆ. ಬಿಳಿ ಮರ, ಬಿಳಿ ಬಟ್ಟೆ, ಕೊರಳಿಗೆ ಕಟ್ಟಿಕೊಂಡು ಎದೆಯ ಮೇಲೆ ಹೊರಬೇಕು. ಒಂದರ ಮೇಲೆ ತಾಮೊತ್ಸುವಿನ ಹೆಸರು. ಬರ್ಮಾದಿಂದ ಮೂಳೆ ಯಾರು ತರುತ್ತಾರೆ? ಒಳಗೆ ಒಂದು ಕಲ್ಲು. ರೈಲು ತಿರುವಿನಲ್ಲಿ ಓಲಿದಾಗಲೆಲ್ಲ ಈ ಬದಿಯಿಂದ ಆ ಬದಿಗೆ ಉರುಳುತ್ತಿತ್ತು. ಎದುರಿಗೆ ಕುಳಿತ ಮುದುಕಿಯೊಬ್ಬಳು ಪ್ರತಿ ಸಲವೂ ತಲೆಬಾಗುತ್ತಿದ್ದಳು.

ಎರಡನ್ನು ಮೆರವಣಿಗೆಯಲ್ಲಿ ಮನೆಗಳಿಗೆ ಒಪ್ಪಿಸಿದೆವು. ಮೂರನೆಯದನ್ನು ನಿಲ್ದಾಣದಲ್ಲೇ ಕಡತಗಳ ಗಂಟಿನಲ್ಲಿ ಸುತ್ತಿದ್ದೆ. ಗ್ರಾಮದ ಅಧ್ಯಕ್ಷರು ಪಟ್ಟಿ ಓದುವುದಿಲ್ಲ, ಮೊಹರು ಒತ್ತುತ್ತಾರೆ. ಕಚೇರಿಯಲ್ಲಿ ಇಡುವಂತಿರಲಿಲ್ಲ. ಮನೆಗೆ ತಂದು ಹಾಸಿಗೆಯ ಕಪಾಟಿನಲ್ಲಿ ಇಟ್ಟೆ. ಒಂದೆರಡು ದಿನದ ಮಟ್ಟಿಗೆ.

ಮಾರ್ಚ್ 17

ತೊಕು ಕಪಾಟು ತೆಗೆದಳು. ನನ್ನ ಹೆಂಡತಿ ಇಪ್ಪತ್ತೈದು ವರ್ಷದಲ್ಲಿ ನನ್ನ ಮುಂದೆ ದನಿ ಎತ್ತಿದವಳಲ್ಲ.

"ಏನ್ರೀ ಇದು? ಯಾರ್ದೋ ಮಗನ್ನ ತಂದು ಹಾಸಿಗೆ ಮಧ್ಯ ತುರುಕಿದ್ದೀರಲ್ಲ!"

"ಒಳಗೆ ಬರೀ ಕಲ್ಲು ಕಣೇ."

"ಹಾಗಾದ್ರೆ ಹೊಳೇಗೆ ಎಸ್ದು ಬನ್ನಿ, ನೋಡೋಣ."

ನಾನು ಎದ್ದು ಹೋಗಲಿಲ್ಲ.

"ಇನೆಗೆ ಹೇಳಿದ್ದೀರಾ?"

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

ಅವಳು ಪೆಟ್ಟಿಗೆಯನ್ನು ಹೊರತೆಗೆದು, ಒಗೆದ ಬಟ್ಟೆಯಲ್ಲಿ ಧೂಳು ಒರೆಸಿ, ಒಳಕೋಣೆಯ ಮೂಲೆಯಲ್ಲಿ ಹಳೆಯ ಡಬ್ಬಗಳನ್ನು ಒಂದರ ಮೇಲೊಂದು ಇಟ್ಟು ಎತ್ತರ ಮಾಡಿ ಅದರ ಮೇಲೆ ಕೂರಿಸಿದಳು. ಊಟದ ಹೊತ್ತಿಗೆ ತನ್ನ ಬಟ್ಟಲಿನಿಂದ ಎರಡು ತುತ್ತು ತೆಗೆದು ಮುಂದಿಟ್ಟಳು. "ಅವರಮ್ಮ ಇಡೋದು ಬದುಕಿರೋರಿಗೆ. ಅದು ಇವ್ನಿಗೆ ಮುಟ್ಟಲ್ಲ. ಹಸ್ಕೊಂಡಿರ್ತಾನೆ" ಎಂದಳು. ನಮಗೆ ಮಕ್ಕಳಿಲ್ಲ. ಇವಳಿಗೆ ಇದೆಲ್ಲ ಯಾವಾಗ ಗೊತ್ತಾಯಿತೋ.

ಏಪ್ರಿಲ್ 30

ಮೂರು ದಿನ ಮಳೆ. ಒಳಕೋಣೆಯ ಮಾಡು ಸೋರುತ್ತಿದೆ. ಅವನನ್ನು ಒಣಗಿದ ಮೂಲೆಗೆ ಸರಿಸಿದೆ.

ಓಕಿನಾವಾದಿಂದ ಸತ್ತವರ ಪಟ್ಟಿ ಇನ್ನೂ ಬಂದಿಲ್ಲ.

ಮೇ 22

ತೋಫು ಮಾಡುವ ಗಿಸುಕೆಗೆ ಕೆಂಪು ಚೀಟಿ. ನಲವತ್ಮೂರು ವರ್ಷ, ಬಲಗಣ್ಣು ಮೆಳ್ಳೆ. ಹಲಗೆಯ ಮೇಲೆ ತೋಫು ಕತ್ತರಿಸುತ್ತಿದ್ದವನು ಕತ್ತಿ ಹಿಡಿದೇ ಬಂದ.

"ನನ್ನನ್ನಾ? ಗುಮಾಸ್ತ್ರೇ, ನಾನು ಎಡಕ್ಕೆ ಗುರಿ ಇಟ್ರೆ ಬಲಗಡೆಯೋನು ಸಾಯ್ತಾನೆ. ಅವ್ನೂ ನಮ್ಮೋನೇ ಆಗಿರ್ತಾನೆ!"

"ಅಭಿನಂದನೆಗಳು" ಎಂದೆ. ಹೇಳಲೇಬೇಕಲ್ಲ.

"ಬೆಂಕಿ ಬಿತ್ತು ನಿಮ್ಮ ಅಭಿನಂದನೆಗೆ" ಎಂದು ಮೆಲ್ಲನೆ ಅಂದು, ಮೊಹರು ಒತ್ತಿ, ಒಂದು ತೋಫು ಎಲೆಯಲ್ಲಿ ಕಟ್ಟಿ ಕೈಗಿಟ್ಟ. "ನಾಳೆಯಿಂದ ಅಂಗಡಿ ಇಲ್ಲ, ತಿನ್ನಿ." ಅವನನ್ನು ಕಳಿಸುವುದು ಮಂಚೂರಿಯಾಕ್ಕಂತೆ. ಮನೆಗೆ ಬಂದ ಮೇಲೆ, ಬೇಡವೆನ್ನಬೇಕಿತ್ತು ಎಂದು ನೆನಪಾಯಿತು. ತೊಕು ಅರ್ಧವನ್ನು ಒಳಕೋಣೆಗೆ ಒಯ್ದಳು.

ಕಚೇರಿಯ ದೊಡ್ಡ ಪುಸ್ತಕದಲ್ಲಿ ಊರಿನ ಪ್ರತಿ ಗಂಡಸಿಗೂ ಒಂದು ಪುಟವಿದೆ. ಹೆಸರು, ಎತ್ತರ, ಕಣ್ಣು, ಕಸುಬು, ಕೊನೆಯಲ್ಲಿ ಷರಾ. ಷರಾ ಬರೆಯುವವನು ನಾನು. ಮೇಲಿನವರು ಅದನ್ನು ನೋಡಿ ಯಾರನ್ನು ಕರೆಯಬೇಕು, ಯಾರನ್ನು ಸದ್ಯ ಬಿಡಬೇಕು ಎಂದು ತೀರ್ಮಾನಿಸುತ್ತಾರೆ. ಗಿಸುಕೆಯ ಷರಾದಲ್ಲಿ "ದೃಷ್ಟಿದೋಷ, ಊರಿಗೆ ಒಬ್ಬನೇ ತೋಫುಗಾರ" ಎಂದು ಸ್ಪಷ್ಟವಾಗಿ ಬರೆದಿದ್ದೆ. ಆದರೂ ಕರೆದರು. ಅಂದರೆ ಬರೆದರೂ ಒಂದೇ, ಬಿಟ್ಟರೂ ಒಂದೇ. ಇದನ್ನು ಇವತ್ತು ನಾಲ್ಕೈದು ಸಲ ಹೇಳಿಕೊಂಡೆ.

ತಾಮೊತ್ಸುವಿನ ಪುಟ ತೆಗೆದು ನೋಡಿದೆ. ಷರಾ ಖಾಲಿ. "ವಿಧವೆ ತಾಯಿಗೆ ಒಬ್ಬನೇ ಮಗ, ಮನೆಯಲ್ಲಿ ಬೇರೆ ಗಂಡಸಿಲ್ಲ" ಎಂಬುದು ಊರಿಗೇ ಗೊತ್ತಿದ್ದ ಸತ್ಯ. ಬರೆಯುವುದಕ್ಕೆಂದು ಇನೆಯಕ್ಕ ಬರುವ ಹಿಂದಿನ ದಿನವೇ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಅವಳು ಹಣ್ಣು ತಂದಳು. ಹಣ್ಣು ತಿಂದು ಬರೆದ ಎಂದು ಯಾರೂ ಹೇಳಬಾರದೆಂದು ಪೆನ್ಸಿಲ್ ಗುರುತನ್ನೂ ಅಳಿಸಿದೆ. ಅವಳು ಬರಿಗೈಯಲ್ಲಿ ಬಂದಿದ್ದರೆ, ಅಥವಾ ಬರದೇ ಇದ್ದಿದ್ದರೆ, ಬರೆದಿರುತ್ತಿದ್ದೆ.

ಆ ಸಲ ಅಂಥ ಷರಾ ಇದ್ದ ಇಬ್ಬರನ್ನು ಬಿಟ್ಟಿದ್ದರು. ಅದನ್ನೂ ಬರೆದಿಡುತ್ತೇನೆ.

ಜುಲೈ 5

ಇನೆಯಕ್ಕ ಕಾರ್ಡು ಓದಿಸಲು ಬಂದಳು. ಸೌದೆಯ ಸಾಲನ್ನೂ ಓದಿದೆ, ಬೇಸಿಗೆಯಾದರೂ. ಈಗ ಅದಿಲ್ಲದಿದ್ದರೆ ಅವಳು ಬಿಡುವುದಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಳು.

"ಗುಮಾಸ್ತ್ರೇ, ಕನಸಲ್ಲಿ ಮಗ ಬಂದಿದ್ದ. ಗದ್ದೆ ಬದುವಿನ ಮೇಲೆ ನಡ್ಕೊಂಡು ಬಂದ. ನಾನು ಬಾಗ್ಲಲ್ಲೇ ನಿಂತಿದ್ದೀನಿ, ಕೂಗ್ತಿದ್ದೀನಿ. ಅವ್ನು ನಮ್ಮನೆ ದಾಟಿ ನಿಮ್ಮ ಓಣಿ ಕಡೆ ತಿರುಗ್ಬಿಟ್ಟ."

"ಕನಸಿಗೆ ತಲೆಬುಡ ಇರುತ್ತಾ ಅಕ್ಕ."

"ಅದೇ ಅಂತೀನಿ. ನಿಮ್ಮನೇಲಿ ಅವ್ನಿಗೆ ಏನ್ ಕೆಲ್ಸ?"

ನನ್ನ ಕೈಯಲ್ಲಿದ್ದ ಮೊಹರು ಕೆಳಗೆ ಬಿತ್ತು. ಅದರ ಅಂಚು ಸ್ವಲ್ಪ ಮುಕ್ಕಾಗಿದೆ. ಹದಿನಾರು ವರ್ಷ ಜೋಪಾನ ಮಾಡಿದ ಮೊಹರು.

ಆಗಸ್ಟ್ 10

ರಷ್ಯದವರು ಮಂಚೂರಿಯಾದೊಳಗೆ ನುಗ್ಗಿದ್ದಾರೆ. ಗಿಸುಕೆಯ ಹೆಂಡತಿ ಕಚೇರಿಯ ಮೆಟ್ಟಿಲ ಮೇಲೆ ಇಡೀ ದಿನ ಕುಳಿತಿದ್ದಳು. 

ಊಟದ ಹೊತ್ತಿಗೆ ತಾಮೊತ್ಸುವಿಗೆ ವಿಷಯ ತಿಳಿಸಿದೆ.

ಆಗಸ್ಟ್ 13

ಬೋನ್ ಹಬ್ಬದ ಮೊದಲ ದಿನ. ಸತ್ತವರು ಮೂರು ದಿನದ ಮಟ್ಟಿಗೆ ಮನೆಗೆ ಬರುತ್ತಾರೆ. ಸಾವಿನ ಸುದ್ದಿ ಬಂದ ಮೇಲಿನ ಮೊದಲ ಬೋನ್ ಆದರೆ ಅವರಿಗೆ ದಾರಿ ಇನ್ನೂ ಹೊಸದು. ಅದಕ್ಕೆ ಆ ಮನೆಯ ಸೂರಿಗೆ ಮಾತ್ರ ಬಿಳಿ ಕಾಗದದ ದೀಪ ಕಟ್ಟುತ್ತಾರೆ. ವಿಮಾನದ ಭಯಕ್ಕೆ ಹಚ್ಚುವಂತಿಲ್ಲ, ಸುಮ್ಮನೆ ಕಟ್ಟಬೇಕಷ್ಟೆ. ಈ ವರ್ಷ ಊರಿನಲ್ಲಿ ಹದಿನೇಳು ಮನೆಗಳಿಗೆ ಬಿಳಿ ದೀಪ.

ಕಚೇರಿಯಿಂದ ಬಂದು ನೋಡಿದರೆ ಹದಿನೆಂಟನೆಯದು ನಮ್ಮ ಸೂರಿಗೆ.

"ಬಿಚ್ಚೇ ಅದನ್ನ! ಊರೆಲ್ಲ ನೋಡುತ್ತೆ!"

"ನೋಡ್ಲಿ" ಎಂದಳು ತೊಕು. "ಎಂಟು ತಿಂಗಳಿಂದ ನಾಳೆ ನಾಳೆ ಅಂತಿದ್ದೀರಿ. ಇವತ್ತು ಅವ್ನು ಬರ್ತಾನೆ. ಅವರಮ್ಮನ ಮನೇಲಿ ದೀಪ ಇಲ್ಲ. ಅಲ್ಲಿ ಅವ್ನು ಇನ್ನೂ ಬದುಕಿದ್ದಾನೆ. ಇಲ್ಲೂ ಇಲ್ದಿದ್ರೆ ಎಲ್ಲಿಗ್ರೀ ಹೋಗ್ಬೇಕು ಆ ಹುಡುಗ?"

ಸ್ಟೂಲು ತಂದು ಹತ್ತಿದೆ. ಗಂಟಿಗೆ ಕೈ ಹಾಕಿದೆ. ಅಲ್ಲಿಂದ ಇನೆಯಕ್ಕನ ಅಂಗಳ ಚೆನ್ನಾಗಿ ಕಾಣುತ್ತದೆ. ಅವಳು ಒಗೆದ ಬಟ್ಟೆ ಹಿಡಿದುಕೊಂಡು ನಮ್ಮ ಕಡೆಯೇ ನೋಡುತ್ತ ನಿಂತಿದ್ದಳು. ಗಂಟು ಬಿಚ್ಚದೆ ಇಳಿದೆ.

ಆಗಸ್ಟ್ 15

ಮಧ್ಯಾಹ್ನ ರೇಡಿಯೋ. ಯುದ್ಧ ಮುಗಿಯಿತಂತೆ. ಅಧ್ಯಕ್ಷರು ಅತ್ತರು. ನಾನು ಕೆಂಪು ಚೀಟಿಗಳ ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಆಗಸ್ಟ್ 16

ಬೆಳಿಗ್ಗೆ ಜಿಲ್ಲೆಯಿಂದ ಫೋನು. ಸೈನಿಕ ಕಡತಗಳನ್ನೆಲ್ಲ ಸುಡಬೇಕು, ಶತ್ರುಗಳು ಬರುವ ಮೊದಲು ಒಂದು ಹಾಳೆಯೂ ಉಳಿಯಬಾರದು. ಕಚೇರಿಯ ಹಿಂದಿನ ಅಂಗಳದಲ್ಲಿ ಗುಂಡಿ ತೋಡಿಸಿ ಬೆಂಕಿ ಹಾಕಿದೆ. ದೊಡ್ಡ ಪುಸ್ತಕ ದಪ್ಪ, ಹಾಗೇ ಹಾಕಿದರೆ ಉರಿಯುವುದಿಲ್ಲ. ಒಂದೊಂದೇ ಪುಟ ಹರಿದು ಹಾಕಬೇಕಾಯಿತು. ಹೆಸರು ಓದುತ್ತಿದ್ದೆ, ಹಾಕುತ್ತಿದ್ದೆ. ಒಂದು ಪುಟ ಮಾತ್ರ ಮಡಚಿ ಜೇಬಿಗೆ ಸೇರಿಸಿದೆ. ಯಾಕೆಂದು ಆಗ ಯೋಚಿಸಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಇನೆಯಕ್ಕ ಬಂದಳು. ಹಬ್ಬದ ಕೊನೆಯ ದಿನ. ಮನೆಮನೆಯ ಮುಂದೆ ಸೆಣಬಿನ ಕಡ್ಡಿ ಉರಿಸಿ ಸತ್ತವರನ್ನು ಬೀಳ್ಕೊಡುವ ದಿನ. ಅವಳು ಒಗೆದ ನೀಲಿ ಉಡುಪು ಉಟ್ಟಿದ್ದಳು.

"ಗುಮಾಸ್ತ್ರೇ, ನಿಮ್ಮನೇಲಿ ಬಿಳಿ ದೀಪ ಕಟ್ಟಿದ್ದೀರಲ್ಲ. ಯಾರ್ಗೆ?"

ನಾನು ಕೋಲಿನಿಂದ ಬೆಂಕಿ ಕೆದಕುತ್ತಿದ್ದೆ.

"ನಿಮ್ಗೆ ಮಕ್ಕಳಿಲ್ಲ. ತೊಕು ತವರಲ್ಲೂ ಎಲ್ಲ ಇದ್ದಾರೆ, ವಿಚಾರಿಸ್ದೆ. ಮೂರು ದಿನದಿಂದ ಯೋಚಿಸ್ತಿದ್ದೀನಿ. ಯಾರ ಮನೆ ಜೀವ ನಿಮ್ಮನೆ ಬಾಗ್ಲಿಗೆ ಬಂದಿದೆ?"

ಹೇಳಿದೆ. ಹೆಸರು, ಸ್ಥಳ, ದಿನಾಂಕ. ಕಾಗದದಲ್ಲಿ ಇದ್ದ ಹಾಗೇ, ಇಷ್ಟು ವರ್ಷ ಹೇಳಿದ ಅದೇ ದನಿಯಲ್ಲಿ. ನನಗೆ ಬೇರೆ ದನಿ ಇರಲಿಲ್ಲ.

"ಜುಲೈ ಅಂದ್ರೆ, ಹೋದ ತಿಂಗಳಾ?"

"ಹೋದ ವರ್ಷದ್ದು."

ಅವಳು ಬೆರಳು ಮಡಚಿ ಎಣಿಸಿದಳು. ಒಂದು ಸಲ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. "ಹದಿಮೂರು ತಿಂಗಳು. ಹದಿಮೂರು ತಿಂಗಳು ಬದುಕಿರೋರ ಮಣೆ ಮೇಲೆ ಇಟ್ಟೆ. ಅವ್ನಿಗೆ ಒಂದು ಅಗುಳೂ ಮುಟ್ಲಿಲ್ಲ." ಆಮೇಲೆ ಕೇಳಿದಳು, "ನಿಮ್ಮನೆಗೆ ಬಂದಿದ್ನಾ? ಊಟ ಮಾಡಿದ್ನಾ?"

"ತೊಕು ದಿನಾ ಇಡ್ತಿದ್ಲು. ಮಾರ್ಚಿಂದ."

"ಏನಿಡ್ತಿದ್ಲು?"

"ಇದ್ದಿದ್ದು. ಗೆಣಸು, ರಾಗಿ. ಒಂದ್ಸಲ ತೋಫು."

"ತೋಫು ಅಂದ್ರೆ ಪ್ರಾಣ ಬಿಡ್ತಿದ್ದ" ಎಂದಳು. ಎನ್ನುತ್ತಲೇ ಮುಷ್ಟಿ ಕಟ್ಟಿ ನನ್ನ ಎದೆಗೆ ಗುದ್ದಿದಳು. ಒಂದೇ ಸಲ. ಐವತ್ತೈದು ವರ್ಷದ ಹೆಂಗಸಿನ ಗುದ್ದು ಅಷ್ಟು ನೋಯುತ್ತದೆಂದು ತಿಳಿದಿರಲಿಲ್ಲ. ಗುದ್ದಿದ ಕೈಗೆ ಜೇಬಿನ ಕಾಗದ ತಗುಲಿ ಸದ್ದಾಯಿತು.

"ಏನದು?"

ತೆಗೆದು ಕೊಟ್ಟೆ. ತಲೆಕೆಳಗಾಗಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟಳು. "ಓದಿ."

ಓದಿದೆ. ಹೆಸರು. ಎತ್ತರ ಐದಡಿ ನಾಲ್ಕಂಗುಲ. ದೃಷ್ಟಿ ಉತ್ತಮ. ಕಸುಬು ಗಾಡಿ ಹೊಡೆಯುವುದು, ಕುದುರೆ ಪಳಗಿಸುವುದು.

"ಆಮೇಲೆ?"

"ಆಮೇಲೆ ಷರಾ."

"ಅದ್ರಲ್ಲಿ ಏನಿದೆ?"

ಏನು ಬೇಕಾದರೂ ಓದಬಹುದಿತ್ತು. ಸೌದೆಯ ಸಾಲು ಓದಿದ ಬಾಯಿ ಇದು, ಅಭ್ಯಾಸವಾಗಿತ್ತು. ಅವಳೂ ನಂಬುತ್ತಿದ್ದಳು. ನನಗೆ ಹೇಸಿಗೆಯಾಯಿತು.

"ಏನೂ ಇಲ್ಲ."

"ನಾನು ಬಂದು ಕೇಳಿದ್ನಲ್ಲ?"

"ಕೇಳಿದ್ರಿ. ನಾನು ಬರೀಲಿಲ್ಲ."

"ಯಾಕೆ?"

"ನೀವು ಹಣ್ಣು ತಂದ್ರಿ ಅಂತ."

ಅವಳು ಅಳಲಿಲ್ಲ. ಗುಂಡಿಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

"ಬರೀರಿ ಈಗ" ಎಂದಳು.

"ಈಗ ಬರ್ದು ಏನ್ ಪ್ರಯೋಜನ ಅಕ್ಕ? ಇದನ್ನ ನೋಡೋ ಸರ್ಕಾರಾನೇ ಇಲ್ಲ."

"ಸರ್ಕಾರಕ್ಕೆ ಯಾರು ಬರಿ ಅಂದ್ರು? ಇವತ್ತು ಎಲ್ರೂ ಬೆಂಕಿ ಹಚ್ಚಿ ಅವರವ್ರನ್ನ ಕಳಿಸ್ತಾರೆ. ಇದೂ ಬೆಂಕೀನೇ ತಾನೆ? ಅವ್ನ ಜೊತೆ ಹೋಗ್ಲಿ. ಹೊರಡೋ ದಿನ ನನ್ನ ಮೇಲೆ ಮುನಿಸ್ಕೊಂಡು ಹೋದ. ಎಲ್ರ ಅಮ್ಮಂದಿರೂ ಹೋಗಿ ಹೇಳ್ತಾರೆ, ನೀನು ಒಂದ್ ಮಾತು ಕೇಳೋಕಾಗ್ಲಿಲ್ವಾ ಅಂದ. ಹೋಗಿದ್ದೆ, ಗಂಟು ವಾಪಸ್ ಕಳಿಸಿದ್ರು ಅಂತ ಹೇಳೋಕೆ ನಂಗೆ ನಾಚಿಕೆ ಆಯ್ತು. ಸುಮ್ನಿದ್ಬಿಟ್ಟೆ. ಅಮ್ಮ ಕೇಳಿದ್ಲು ಅಂತ ಅವ್ನಿಗೆ ಗೊತ್ತಾಗ್ಬೇಕು. ಬರೀರಿ."

ಒಳಗೆ ಹೋಗಿ ಮಸಿ, ಕುಂಚ, ಮೊಹರು ತಂದೆ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಪುಟ ಹರಡಿದೆ. ಗಾಳಿಗೆ ಹಾರದಂತೆ ಅವಳು ಎರಡೂ ಕೈಯಲ್ಲಿ ಅಂಚು ಹಿಡಿದಳು. ಬರೆದು ಓದಿ ಹೇಳಿದೆ: "ವಿಧವೆ ತಾಯಿ ಇನೆಗೆ ಒಬ್ಬನೇ ಮಗ. ಮನೆಯಲ್ಲಿ ಬೇರೆ ಗಂಡಸಿಲ್ಲ. ಇವನನ್ನು ಕರೆಯಬಾರದೆಂದು ತಾಯಿ ಖುದ್ದಾಗಿ ಬಂದು ಕೇಳಿಕೊಂಡಿದ್ದಾಳೆ."

"ಹಣ್ಣಿಂದೂ ಹಾಕಿ."

"ಹತ್ತು ಕಾಕಿಹಣ್ಣು ತಂದಿದ್ದಳು. ಗುಮಾಸ್ತ ವಾಪಸು ಕಳಿಸಿದ." ನನ್ನ ಹೆಸರು ಬರೆದೆ. ಮುಕ್ಕಾದ ಮೊಹರು ಒತ್ತಿದೆ.

ಮಸಿ ಆರುವವರೆಗೆ ಅವಳು ಊದಿದಳು. ತನ್ನ ಕೈಯಾರೆ ಬೆಂಕಿಗೆ ಇಟ್ಟಳು. ಪುಟ ಸುರುಟಿಕೊಂಡು ಕಪ್ಪಾದ ಮೇಲೂ ಅಕ್ಷರಗಳು ಸ್ವಲ್ಪ ಹೊತ್ತು ಕಾಣುತ್ತಿದ್ದವು.

"ಓದ್ತಾನಲ್ವಾ?" ಎಂದು ಕೇಳಿದಳು.

"ಶಾಲೇಲಿ ಜಾಣ" ಎಂದೆ.

ಆಮೇಲೆ ನಮ್ಮ ಮನೆಗೆ ಬಂದು ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡಳು. ಕಲ್ಲು ಒಮ್ಮೆ ಉರುಳಿತು. ತೊಕು ಬಿಳಿ ದೀಪ ಬಿಚ್ಚಿ ಹಿಡಿದು ಮುಂದೆ ನಡೆದಳು. ಇಬ್ಬರೂ ಗದ್ದೆ ಬದುವಿನ ಮೇಲೆ ಹೋಗುವುದನ್ನು ನೋಡುತ್ತ ನಾನು ಸೂರಿನಡಿ ನಿಂತೆ. ನನ್ನನ್ನು ಬಾ ಎನ್ನಲಿಲ್ಲ, ನಾನೂ ಹೋಗಲಿಲ್ಲ.

ಸೆಪ್ಟೆಂಬರ್ 2

ಊಟಕ್ಕೆ ತೊಕು ಮೂರು ಬಟ್ಟಲು ತಂದಿಟ್ಟಳು. ಇಬ್ಬರೂ ಅದನ್ನು ನೋಡಿದೆವು. ಅವಳು ತೆಗೆಯಲಿಲ್ಲ, ನಾನು ತೆಗೆ ಎನ್ನಲಿಲ್ಲ.

ಡಿಸೆಂಬರ್ 11

ಸೈನಿಕ ವಿಭಾಗ ಈಗ ಇಲ್ಲ. ನನ್ನನ್ನು ಪಡಿತರ ಚೀಟಿಯ ಮೇಜಿಗೆ ಹಾಕಿದ್ದಾರೆ. ಗಿಸುಕೆ ಬಂದಿಲ್ಲ. ಅವನ ಹೆಂಡತಿಯ ಮುಚ್ಚಳದಲ್ಲಿ ಹನಿ ಇದೆಯಂತೆ. ಅದು ಆವಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಸೈಕಲ್ಲಿಗೆ ಎಣ್ಣೆ ಹಾಕುವುದನ್ನು ಬಿಟ್ಟಿದ್ದೇನೆ. ಕಿರಕಿರ ಕೇಳಿ ಹೆಂಗಸರು ಈಗಲೂ ಒಳಗೆ ಹೋಗುತ್ತಾರೆ, ಚೀಟಿಯಲ್ಲಿ ಸಕ್ಕರೆ ಇದ್ದರೂ.

ಮಧ್ಯಾಹ್ನ ಇನೆಯಕ್ಕ ಕಚೇರಿಗೆ ಬಂದಳು. ಆಗಸ್ಟಿನಿಂದ ನನ್ನೊಡನೆ ಮಾತಾಡಿರಲಿಲ್ಲ. ದಾರಿಯಲ್ಲಿ ಕಂಡರೆ ತಲೆಬಾಗಿ ಮುಂದೆ ಹೋಗುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಬಂದ ಅದೇ ಕಿಟಕಿಯ ಮುಂದೆ ನಿಂತಳು. ಅದೇ ಬಟ್ಟೆಯ ಗಂಟು. ಮೇಜಿನ ಮೇಲೆ ಇಟ್ಟು ತಾನೇ ಬಿಚ್ಚಿದಳು. ಒಣಗಿದ ಕಾಕಿಹಣ್ಣು, ಬಿಳುಪು ಚೆನ್ನಾಗಿ ಕಟ್ಟಿತ್ತು.

"ತಗೊಳ್ಳಿ ಗುಮಾಸ್ತ್ರೇ" ಎಂದಳು. "ಈ ಸಲ ಏನೂ ಕೇಳೋಕೆ ಬಂದಿಲ್ಲ. ಕೇಳೋಕೆ ನನ್ನತ್ರ ಏನೂ ಇಲ್ಲ."

ಹತ್ತು ಇದ್ದವು. ತೆಗೆದುಕೊಂಡೆ. ಅವಳು ಹೋಗಲಿಲ್ಲ, ನಿಂತೇ ಇದ್ದಳು. ಒಂದನ್ನು ಅವಳೆದುರೇ ತಿಂದೆ. ಬಹಳ ಸಿಹಿ ಇತ್ತು. ಪೂರ್ತಿ ತಿಂದೆ.